ಶಾಸನಗಳನ್ನು ಓದಿದ ಉಪಾಧ್ಯಾಯರು: ಲೂಯಿ ರೈಸ್ ದೊರೆಯವರ ಚರಿತ್ರೆ

ಅರಸೀಕೆರೆ, ಬೇಲೂರು, ಹಳೇಬೀಡು ಈ ಸೀಮೆಯ ಗ್ರಾಮಗಳಲ್ಲಿ ವಾಸಿಸುವ ವಾಚಕರು ಅಕ್ಷರ ಕೆತ್ತಿದ ಕಲ್ಲನ್ನು ಕಾಣದೆ ಇರಲಾರರು. ಕೆರೆಯ ಏರಿಯ ಮೇಲೂ ಗುಡಿಯ ಅಂಗಳದಲ್ಲಿಯೂ ಹೊಲದ ಬದುವಿನಲ್ಲಿಯೂ ಅಂಥ ಕಲ್ಲುಗಳು ನಿಂತೋ ಬಿದ್ದೋ ಇರುತ್ತವೆ. ಅವುಗಳ ಮೇಲೆ ಬಟ್ಟೆ ಒಗೆದವರುಂಟು. ನಿಧಿಯ ಗುರುತು ಬರೆದದೆಂದು ಎಣಿಸಿ ಬುಡವನ್ನು ಅಗೆದವರೂ ಉಂಟು. ಅವುಗಳಲ್ಲಿ ಬರೆದಿರುವುದನ್ನು ಓದಿಸಿ, ಅಚ್ಚು ಹಾಕಿಸಿ, ಲೋಕಕ್ಕೆ ತಿಳಿಯಪಡಿಸಿದವರು ಅರಸರಲ್ಲ, ಒಬ್ಬ ಶಾಲಾ ಉಪಾಧ್ಯಾಯರು.

ಬೆಂಜಮಿನ್ ಲೂಯಿ ರೈಸರು 1837ನೆಯ ಇಸವಿ ಜುಲೈ 17ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಇವರ ತಂದೆಯಾದ ಬೆಂಜಮಿನ್ ರೈಸ್ ಅಯ್ಯನವರು ಲಂಡನ್ ಮಿಶನಿನ ಸೇವಕರಾಗಿ, 1887ರಲ್ಲಿ ತೀರಿಕೊಳ್ಳುವ ವರೆಗೆ ಸುಮಾರು 50 ವರುಷ ಆ ಪಟ್ಟಣದಲ್ಲಿ ಕೆಲಸಮಾಡಿದರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯಕ್ಕೆ ಅವರದೇ ಹೆಸರು. ಇನ್ನೊಬ್ಬ ಮಗನಾದ ಎಡ್ವರ್ಡ್ ಪೀಟರ್ ರೈಸ್ ಅಯ್ಯನವರು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಹೀಗಿರಲಾಗಿ ಕನ್ನಡ ನುಡಿಯು ಆ ಮನೆಗೆ ಪರಕೀಯವಾಗಿರಲಿಲ್ಲ.

ಲೂಯಿ ರೈಸರು ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ 1860ರಲ್ಲಿ ಹಿಂದಿರುಗಿ, ಬೆಂಗಳೂರು ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಆ ವಿದ್ಯಾಶಾಲೆಯು 1858ರಲ್ಲಿ ಆರಂಭವಾಗಿ, 1875ರಲ್ಲಿ ಸೆಂಟ್ರಲ್ ಕಾಲೇಜು ಎಂಬ ಹೆಸರನ್ನು ಹೊಂದಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1881ರಲ್ಲಿ ಬಿ. ಎ. ಪರೀಕ್ಷೆಯಲ್ಲಿ ತೇರಿದ್ದು ಅಲ್ಲಿಂದಲೇ. ರಾಜಗೋಪಾಲಾಚಾರ್ಯರೂ ಅಲ್ಲಿಯ ಹಳೆಯ ವಿದ್ಯಾರ್ಥಿಗಳು. ಆದರೆ ಇವರು ಬರುವುದಕ್ಕೆ ಬಹು ಮುಂಚೆಯೇ ರೈಸರು ಆ ಪೀಠವನ್ನು ಬಿಟ್ಟು ಊರೂರು ತಿರುಗುವ ಕೆಲಸಕ್ಕೆ ಹೊರಟಿದ್ದರು. 1865ರಲ್ಲಿ ಅವರು ಮೈಸೂರು ಕೊಡಗು ಸೀಮೆಗಳ ಶಾಲೆಗಳ ತನಿಖೆಗಾರರಾಗಿ ನೇಮಕವಾದರು.

ಆ ಕಾಲದಲ್ಲಿ ಅರಸೀಕೆರೆಗೆ ರೈಲು ಬಂದಿರಲಿಲ್ಲ. ಕುದುರೆಯ ಮೇಲೆ ಪ್ರಯಾಣಮಾಡಿ ಹಳ್ಳಿಗಳನ್ನು ಮುಟ್ಟಬೇಕಾಗಿತ್ತು. ಮಕ್ಕಳ ಪಾಠ ಕೇಳುವುದಕ್ಕೆಂದು ಹೋದ ಅಧಿಕಾರಿಯ ಕಣ್ಣಿಗೆ ಅಲ್ಲಿಯ ಕಲ್ಲುಗಳು ಬಿದ್ದವು. ಅದೇ ಸಮಯದಲ್ಲಿ ಮೇಜರ್ ಡಿಕ್ಸನ್ ಎಂಬವರು ಕೆಲವು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಕಮಿಷನರಾದ ಬೌರಿಂಗ್ ದೊರೆಯವರು ಅವುಗಳನ್ನು ಭಾಷಾಂತರಿಸುವಂತೆ ರೈಸರಿಗೆ ಕೊಟ್ಟರು. ಹಳಗನ್ನಡದ ಆ ಬರಹವನ್ನು ಅರ್ಥಮಾಡುವದು ಸುಲಭವಾಗಿರಲಿಲ್ಲ. ಪಂಡಿತರ ಸಹಾಯದಿಂದ ಸಾಗಿದ ಆ ಕೆಲಸವು 1879ರಲ್ಲಿ ಪುಸ್ತಕವಾಯಿತು.

ಈ ಮಧ್ಯೆ ಅವರು ಶಾಲೆಗಳನ್ನು ಮರೆತವರಲ್ಲ. ಪ್ರತಿಯೊಂದು ಹೋಬಳಿಗೂ ಒಂದು ಕನ್ನಡ ಶಾಲೆ ಇರತಕ್ಕದ್ದೆಂಬ ಏರ್ಪಾಟು 1868ರಲ್ಲಿ ಅವರಿಂದಲೇ ಹುಟ್ಟಿತು. ಅದಕ್ಕೆ ಮುಂಚೆ ಸರಕಾರದ ವಿದ್ಯೆ ಪಟ್ಟಣಗಳನ್ನು ದಾಟಿ ಬಂದದ್ದು ಅತ್ಯಲ್ಪ. ಆದರೆ 1876ರಲ್ಲಿ ಮೊದಲಾದ ಘೋರ ಕ್ಷಾಮದಿಂದ ಆ ಶಾಲೆಗಳು ಬಹಳ ಸೊರಗಿದವು. ಹೋಬಳಿಗೆ ಶಾಲೆ ಬಂದ ಮಾತ್ರಕ್ಕೆ ಹೊಲೆಗೇರಿಯ ಮಗುವಿಗೆ ಅದರ ಜಗುಲಿಯ ಮೇಲೆ ಜಾಗ ದೊರೆಯಿತೆಂದು ಯಾರೂ ತಿಳಿಯಬಾರದು. ಅದಕ್ಕಾಗಿ ಇನ್ನೂ ಬಹುಕಾಲ ಹೋರಾಡಬೇಕಾಯಿತು. ರೈಸರು ಮುಂದೆ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾದರು, 1882ರಲ್ಲಿ ಹಂಟರ್ ದೊರೆಯವರ ವಿದ್ಯಾ ಕಮಿಷನ್ನಿಗೆ ಕಾರ್ಯದರ್ಶಿಗಳೂ ಆದರು.

1885ರಲ್ಲಿ ಮೈಸೂರು ಸರಕಾರದವರು ಪ್ರಾಚ್ಯಶೋಧನೆಯ ಇಲಾಖೆಯನ್ನು ಸ್ಥಾಪಿಸಿ ಅವರಿಗೆ ಒಪ್ಪಿಸಿದರು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಅಕ್ಷರದ ಗುಳಿಗಳೊಳಗೆ ಕಾಗದ ಇಳಿಯುವಂತೆ ಕುಂಚದಿಂದ ತಟ್ಟಿ, ಮಸಿ ಹಚ್ಚಿ ಪ್ರತಿ ತೆಗೆಯುತ್ತಾರೆ. ಹೀಗೆ ತಾಲೂಕು ತಾಲೂಕುಗಳಲ್ಲಿ ಸಂಗ್ರಹವಾದ ಸುಮಾರು 9,000 ಶಾಸನಗಳು 1886ರಿಂದ 1905ರ ವರೆಗೆ ಎಪಿಗ್ರಾಫಿಯಾ ಕರ್ನಾಟಿಕ ಎಂಬ 12 ಸಂಪುಟಗಳಾಗಿ ಹೊರಟವು. 1892ರಲ್ಲಿ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿಯೂ ಅದರ ಸಮೀಪದಲ್ಲಿಯೂ ಅಶೋಕ ಚಕ್ರವರ್ತಿಯ ಬಂಡೆಗಲ್ಲಿನ ಶಾಸನಗಳನ್ನು ಕಂಡುಹಿಡಿದವರೂ ಇವರೇ.

ಹಾಸನ ಜಿಲ್ಲೆಗೆ ಸೇರಿದ ಐದನೆಯ ಸಂಪುಟವು 1902ರಲ್ಲಿ ಪ್ರಕಟವಾಯಿತು. ಬೇಲೂರಿನ ದೇವಸ್ಥಾನವನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆಮಾಡಿದನೆಂಬುದು ಕಟ್ಟುಕಥೆಯಲ್ಲ, ಕಲ್ಲಿನ ಸಾಕ್ಷಿ. ಅರಸೀಕೆರೆಯ ಸಹಸ್ರಕೂಟ ಬಸದಿಯನ್ನು 1220ರಲ್ಲಿ ಕಟ್ಟಿಸಿದವನು ರೇಚರಸನೆಂಬ ಮಂತ್ರಿ. ಹಳೇಬೀಡಿನ ದೊಡ್ಡ ಗುಡಿಯ ಹತ್ತಿರ ಒಂದು ಕಂಬವಿದೆ. ಎರಡನೆಯ ಬಲ್ಲಾಳರಾಯನು ಮೃತನಾಗಲು, ಕುವರ ಲಕ್ಷ್ಮನೆಂಬ ಸೇನಾಪತಿಯು ಹೆಂಡತಿಯೊಡನೆಯೂ ಸಾವಿರ ಬಂಟರೊಡನೆಯೂ ಸಾಯುವ ವ್ರತವನ್ನು ನೆರವೇರಿಸಿದನೆಂದು ಅದು ತಿಳಿಸುತ್ತದೆ. ಕತ್ತಿಯಿಂದ ತಮ್ಮ ತಲೆಯನ್ನೇ ತರಿದುಕೊಳ್ಳುವವರ ರೂಪಗಳು ಅಲ್ಲಿ ಕೆತ್ತಲ್ಪಟ್ಟಿವೆ. ಒಡೆಯನಿಗಾಗಿ ಅಷ್ಟು ಜನ ಪ್ರಾಣ ಕೊಡಬೇಕಾಗಿ ಬಂದದ್ದನ್ನು ಓದಿದರೆ ಎದೆ ನಡುಗುತ್ತದೆ.

ಆದರೆ ನಮಗೆ ಹೆಚ್ಚು ಬೆಲೆಯುಳ್ಳವು ವೀರಗಲ್ಲುಗಳೆಂದು ತೋರುತ್ತದೆ. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸುವಾಗ ಸತ್ತವನು, ಊರು ಕಾಯುತ್ತಾ ಬಿದ್ದವನು, ಇಂಥವರ ಹೆಸರೂ ತಂದೆಯ ಹೆಸರೂ ಅವುಗಳಲ್ಲಿವೆ. ಅರಸನ ಶಾಸನಕ್ಕೆ ಒಂದು ಅಂಕೆಯನ್ನು ಕೊಟ್ಟಂತೆಯೇ ರೈಸರು ಗೌಡನ ಮಗನ ಕಲ್ಲಿಗೂ ಒಂದು ಅಂಕೆಯನ್ನು ಕೊಟ್ಟರು.

ಇಷ್ಟು ದೊಡ್ಡ ಕೆಲಸದಲ್ಲಿ ತಪ್ಪುಗಳು ಇಲ್ಲದೆ ಹೋಗಲಿಲ್ಲ. ಸವೆದ ಅಕ್ಷರಗಳನ್ನು ಬೇರೆಯಾಗಿ ಓದಿದ್ದುಂಟು, ಕಣ್ಣಿಗೆ ಬೀಳದೆ ಉಳಿದ ಕಲ್ಲುಗಳೂ ಅನೇಕ. ಆದಕಾರಣ ಮೈಸೂರು ವಿಶ್ವವಿದ್ಯಾನಿಲಯದವರು 1972ರಿಂದ ಆ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ಹೊರಡಿಸಿದರು. ಅವುಗಳಲ್ಲಿ ಬೇಲೂರು ಒಂಬತ್ತನೆಯದು, ಅರಸೀಕೆರೆ ಹತ್ತನೆಯದು.

ರೈಸರು 1906ರಲ್ಲಿ ನಿವೃತ್ತರಾದರು. ಅವರಿಗೆ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ಆ ಸ್ಥಾನಕ್ಕೆ ಬಂದರು. ಇಂಗ್ಲೆಂಡಿಗೆ ಹೋದ ಮೇಲೆಯೂ ಅವರು ಸುಮ್ಮನಿರದೆ, ಶಾಸನಗಳಿಂದ ತಿಳಿದುಬಂದ ಮೈಸೂರು ಕೊಡಗುಗಳ ಚರಿತ್ರೆಯನ್ನು ಬರೆದು 1909ರಲ್ಲಿ ಪ್ರಕಟಿಸಿದರು. 1927ನೆಯ ಇಸವಿ ಜುಲೈ ತಿಂಗಳಲ್ಲಿ, 90 ವರುಷ ತುಂಬುವುದಕ್ಕೆ ಕೆಲವೇ ದಿನಗಳಿರಲಾಗಿ, ಹ್ಯಾರೋ ಎಂಬ ಊರಿನಲ್ಲಿ ತೀರಿಹೋದರು.

ಅದಾಗಿ ಒಂಬತ್ತು ವರುಷಕ್ಕೆ, 1936ರಲ್ಲಿ, ಅದೇ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಒಂದು ಕಲ್ಲನ್ನು ಕಂಡರು. ಅದರ ಮೇಲೆ 16 ಸಾಲುಗಳಿದ್ದವು. ಅದು ಸುಮಾರು ಕ್ರಿಸ್ತಶಕ 450ರದು. ಬಹುಕಾಲ ಕನ್ನಡದ ಮೊದಲನೆಯ ಶಾಸನವೆಂದು ಎಣಿಸಲ್ಪಟ್ಟದ್ದು. ರೈಸರ 12 ಸಂಪುಟಗಳಲ್ಲಿ ಅದು ಇಲ್ಲ.