ಗೋಪಾಲ ಕೃಷ್ಣ ಗೋಖಲೆ

ಗೋಖಲೆಯವರು 1866ರ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಅಣ್ಣ ಗೋವಿಂದರಾಯರು ಓದು ಬಿಟ್ಟು ನೌಕರಿಗೆ ಸೇರಿ, ಅಲ್ಪ ಸಂಬಳದಲ್ಲಿಯೇ ತಮ್ಮನನ್ನು ಓದಿಸಿದರು. ಒಬ್ಬನ ವಿದ್ಯೆಗಾಗಿ ಇನ್ನೊಬ್ಬನು ವಿದ್ಯೆಯನ್ನು ತೊರೆಯಬೇಕಾದ ಬಡತನವನ್ನು ಗೋಖಲೆಯವರು ಹೀಗೆ ಮನೆಯಲ್ಲಿಯೇ ಕಂಡರು. 1884ರಲ್ಲಿ ಮುಂಬಯಿಯಲ್ಲಿ ಪದವೀಧರರಾಗಿ, ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದರು.

ವೈಸರಾಯರ ಶಾಸನಸಭೆಯ ಸದಸ್ಯರಾದ ಮೇಲೆ, 1911ರ ಮಾರ್ಚ್ 16ರಂದು ಅವರು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಅದರ ಬೇಡಿಕೆ ಮಿತವಾದುದು. ಪೌರಸಭೆ ಅಥವಾ ಜಿಲ್ಲಾ ಬೋರ್ಡು ಇಚ್ಛಿಸಿದರೆ, ಸರ್ಕಾರದ ಒಪ್ಪಿಗೆ ಪಡೆದು, 6ರಿಂದ 10 ವರ್ಷದ ಬಾಲಕರಿಗೆ ಶಿಕ್ಷಣವನ್ನು ಕಡ್ಡಾಯ ಮಾಡಬಹುದು. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಆದಾಯದ ಮನೆಯಿಂದ ಶುಲ್ಕ ಕೇಳಕೂಡದು. ಇಷ್ಟಕ್ಕೂ ಸರ್ಕಾರವು ಹಣ ಸಾಲದು, ಕಾಲ ಪಕ್ವವಾಗಿಲ್ಲ ಎಂದಿತು. ಸೋಲು ನಿಶ್ಚಿತವೆಂದು ತಿಳಿದೂ ಗೋಖಲೆಯವರು ವಾದವನ್ನು ಬಿಡಲಿಲ್ಲ. 1912ರ ಮಾರ್ಚ್ 19ರಂದು ಪರವಾಗಿ 13, ವಿರುದ್ಧವಾಗಿ 38 ಮತಗಳು ಬಿದ್ದು ಮಸೂದೆ ಬಿದ್ದುಹೋಯಿತು. 1915ರ ಫೆಬ್ರವರಿ 19ರಂದು, ತಮ್ಮ 48ನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು.

ಆದರೆ ಬಿತ್ತಿದ ಬೀಜ ಸಾಯಲಿಲ್ಲ. 1918ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತದ ಪೌರಸಭೆಗಳಿಗೆ ಅಂತಹ ಕಾಯಿದೆಯೇ ದೊರೆಯಿತು. 2009ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು 6ರಿಂದ 14 ವರ್ಷದ ಬಾಲಕ ಬಾಲಿಕೆಯರೆಲ್ಲರಿಗೂ ಉಚಿತ ಶಿಕ್ಷಣವನ್ನು ಹಕ್ಕಾಗಿಸಿತು.

ಪ್ರಿಯ ವಿದ್ಯಾರ್ಥಿಗಳೇ, ನೀವು ಕುಳಿತಿರುವ ಬೆಂಚು ಸುಲಭವಾಗಿ ದೊರೆತುದಲ್ಲ. ಅದಕ್ಕಾಗಿ ಸೋತವರನ್ನೂ ಸ್ಮರಿಸಿ ಓದಿರಿ.