ಕೂಸಿನ ಹಾಲಿಗಾಗಿ ನಡೆದ ತಾಯಿ: ಸಂತ ಝೆಲಿ ಮಾರ್ಟಿನ್

ಬಾಲಯೇಸುವಿನ ಸಂತ ತೆರೇಸಮ್ಮನವರ ಸ್ವರೂಪ ನಮ್ಮ ಅನೇಕ ದೇವಾಲಯಗಳಲ್ಲಿದೆ. ಕೈಯಲ್ಲಿ ಶಿಲುಬೆ, ಅದರೊಡನೆ ಒಂದು ಮಡಿಲು ಗುಲಾಬಿ ಹೂಗಳು. ಆ ಪುಟ್ಟ ಪುಷ್ಪ ಎರಡು ತಿಂಗಳ ಕೂಸಾಗಿದ್ದಾಗಲೇ ಬಾಡಿಹೋಗುವುದರಲ್ಲಿತ್ತು ಎಂಬುದು ಎಲ್ಲರಿಗೂ ಗೊತ್ತಿರಲಾರದು. ಅದನ್ನು ಉಳಿಸಲು ಬೆಳಗಿನ ಜಾವದಲ್ಲಿ ಹಳ್ಳಿಯ ದಾರಿ ಹಿಡಿದು ನಡೆದವರು ಆಕೆಯ ತಾಯಿ ಝೆಲಿ ಮಾರ್ಟಿನ್.

ಝೆಲಿ ಗೆರೆನ್ ಹುಟ್ಟಿದ್ದು 1831ರ ಡಿಸೆಂಬರ್ 23ರಂದು, ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತ್ಯದ ಗಾಂದಲೆನ್ ಎಂಬ ಹಳ್ಳಿಯಲ್ಲಿ. ತಂದೆ ಸೈನಿಕರಾಗಿದ್ದವರು. ಮನೆಯಲ್ಲಿ ಶಿಸ್ತು ಹೆಚ್ಚು, ಮುದ್ದು ಕಡಿಮೆ. ಕನ್ಯಾಸ್ತ್ರೀಯಾಗಿ ರೋಗಿಗಳ ಸೇವೆ ಮಾಡಬೇಕೆಂಬ ಆಸೆ ಝೆಲಿಯವರಿಗಿತ್ತು. ಆದರೆ ಅಲಾನ್ಸೋನ್ ಪಟ್ಟಣದ ಮಠದ ಹಿರಿಯ ತಾಯಿ ಅವರನ್ನು ಸೇರಿಸಿಕೊಳ್ಳಲಿಲ್ಲ. ಆಗ ಅವರು ಆ ಊರಿನ ಹೆಸರಾಂತ ಲೇಸು ಕಸೂತಿ ಕಲಿತು ಸ್ವಂತ ಉದ್ಯೋಗ ಆರಂಭಿಸಿದರು. ಸುತ್ತಲಿನ ಮಹಿಳೆಯರು ತಮ್ಮ ಮನೆಗಳಲ್ಲೇ ಕುಳಿತು ನೇಯ್ದ ತುಣುಕುಗಳನ್ನು ಪ್ರತಿ ಗುರುವಾರ ತಂದೊಪ್ಪಿಸುತ್ತಿದ್ದರು. ಝೆಲಿ ಅವುಗಳನ್ನು ಜೋಡಿಸುತ್ತಿದ್ದರು.

1858ರ ಜುಲೈ 13ರ ನಡುರಾತ್ರಿ ಅವರ ವಿವಾಹ ಗಡಿಯಾರ ತಯಾರಕ ಲೂಯಿ ಮಾರ್ಟಿನ್ ಅವರೊಡನೆ ನಡೆಯಿತು. ಲೂಯಿಯವರೂ ಒಮ್ಮೆ ಮಠ ಸೇರಲು ಬಯಸಿ ಹಿಂದಿರುಗಿದವರೇ. ದೇವರು ಈ ದಂಪತಿಗೆ ಒಂಬತ್ತು ಮಕ್ಕಳನ್ನು ಕೊಟ್ಟರು.

ಆ ಕಾಲದಲ್ಲಿ ಹಸುಗೂಸುಗಳ ಮರಣ ಮನೆಮನೆಯ ದುಃಖವಾಗಿತ್ತು. ಝೆಲಿಯವರ ಎದೆಯಲ್ಲಿ ತೊಂದರೆ ಕಾಣಿಸಿಕೊಂಡು, ಕೊನೆಯ ಮಕ್ಕಳಿಗೆ ಹಾಲೂಡಿಸಲು ಅವರಿಗೆ ಸಾಧ್ಯವಾಗಲಿಲ್ಲ. ಸುರಕ್ಷಿತವಾದ ಬಾಟಲಿ ಹಾಲು ಇಲ್ಲದ ದಿನಗಳವು. ಹಾಲೂಡಿಸುವ ದಾದಿಯನ್ನು ಹುಡುಕಿ ಕೂಸನ್ನು ಆಕೆಯ ಮನೆಗೆ ಕಳುಹಿಸಬೇಕಿತ್ತು. ಜೋಸೆಫ್ ಎಂದು ಹೆಸರಿಟ್ಟ ಇಬ್ಬರು ಗಂಡುಮಕ್ಕಳು, ಒಬ್ಬನು 1867ರಲ್ಲಿ, ಇನ್ನೊಬ್ಬನು 1868ರಲ್ಲಿ, ವರ್ಷ ತುಂಬುವ ಮೊದಲೇ ತೀರಿಕೊಂಡರು. 1870ರ ಫೆಬ್ರವರಿಯಲ್ಲಿ ಐದು ವರ್ಷದ ಹೆಲೆನ್ ಹೋದಳು. ಅದೇ ವರ್ಷ ಅಕ್ಟೋಬರಿನಲ್ಲಿ ಎರಡು ತಿಂಗಳ ಮೆಲನಿ ತೆರೇಸ್, ನಂಬಿ ಒಪ್ಪಿಸಿದ ದಾದಿಯ ಅಲಕ್ಷ್ಯದಿಂದ ಸೊರಗಿ ಪ್ರಾಣಬಿಟ್ಟಳು. ನಾಲ್ಕು ಪುಟ್ಟ ಶವಪೆಟ್ಟಿಗೆಗಳನ್ನು ಕಂಡ ತಾಯಿಯ ಮಡಿಲಿಗೆ 1873ರ ಜನವರಿ 2ರಂದು ಒಂಬತ್ತನೆಯ ಮಗು ಬಂತು. ಎರಡು ದಿನಗಳಲ್ಲಿ ಜ್ಞಾನಸ್ನಾನವಾಯಿತು. ಹನ್ನೆರಡರ ಹಿರಿಯಕ್ಕ ಮರೀ ಜ್ಞಾನತಾಯಿಯಾದಳು. ಹೆಸರು ಮತ್ತೆ ತೆರೇಸ್.

ಮಾರ್ಚ್ ಹೊತ್ತಿಗೆ ಕರುಳಿನ ರೋಗದಿಂದ ಕೂಸು ತೀರಾ ಬಸವಳಿಯಿತು. ಎದೆಹಾಲು ಸಿಕ್ಕರೆ ಮಾತ್ರ ಉಳಿದೀತು ಎಂದು ವೈದ್ಯರು ಹೇಳಿಬಿಟ್ಟರು. ಆಗ ಲೂಯಿಯವರು ಊರಿನಲ್ಲಿರಲಿಲ್ಲ. ಝೆಲಿ ರಾತ್ರಿಯೆಲ್ಲ ಕಾದು, ಬೆಳಕು ಹರಿಯುತ್ತಲೇ ಏಳೆಂಟು ಕಿಲೋಮೀಟರು ದೂರದ ಸೆಮಾಲೆ ಹಳ್ಳಿಗೆ ಒಬ್ಬರೇ ನಡೆದು ಹೊರಟರು. ಅಲ್ಲಿದ್ದಳು ರೋಸ್ ತಾಯೆ ಎಂಬ ರೈತ ಗೃಹಿಣಿ. ಗಂಡುಮಕ್ಕಳಿಬ್ಬರಿಗೆ ಹಾಲೂಡಿಸಿದ್ದವಳೂ ಅವಳೇ. ಅವಳಿಗೂ ಮನೆ, ಗಂಡ, ಮಕ್ಕಳು ಇದ್ದರು. ಆದರೂ ಝೆಲಿಯವರ ಜೊತೆ ಹೊರಟುಬಂದಳು.

ಕೂಸನ್ನು ಕಂಡ ರೋಸ್, ಇನ್ನು ಪ್ರಯೋಜನವಿಲ್ಲವೆಂಬಂತೆ ತಲೆಯಾಡಿಸಿದಳು. ಝೆಲಿ ಮಹಡಿಗೆ ಓಡಿ ಸಂತ ಜೋಸೆಫರ ಸ್ವರೂಪದ ಮುಂದೆ ಮೊಣಕಾಲೂರಿ, ದೇವರ ಚಿತ್ತಕ್ಕೆ ಮಗುವನ್ನು ಒಪ್ಪಿಸಿದರು. ಕೆಳಗಿಳಿದು ಬಂದಾಗ ಕೂಸು ಹಾಲು ಕುಡಿಯುತ್ತಿತ್ತು! ಆಮೇಲೆ ಉಸಿರು ನಿಂತಂತೆ ರೋಸಳ ಮೈಮೇಲೆ ಒರಗಿತು. ಎಲ್ಲರೂ ಆಸೆ ಬಿಟ್ಟರು. ಕೊಂಚ ಹೊತ್ತಿನಲ್ಲಿ ಕಣ್ಣು ತೆರೆದು ತಾಯಿಯನ್ನು ನೋಡಿ ನಕ್ಕಿತು.

ರೋಸ್ ತನ್ನ ಮಕ್ಕಳನ್ನು ಬಿಟ್ಟು ಪಟ್ಟಣದಲ್ಲೇ ಉಳಿಯುವಂತಿರಲಿಲ್ಲ. ಆದ್ದರಿಂದ ಕೂಸೇ ಹಳ್ಳಿಗೆ ಪಯಣಿಸಬೇಕಾಯಿತು. ಒಂದು ಮಗುವನ್ನು ದಾದಿಯ ಮನೆಯಲ್ಲಿ ಕಳೆದುಕೊಂಡ ತಾಯಿ ಇನ್ನೊಂದನ್ನು ದಾದಿಯ ಕೈಗಿಡುವುದು ಎಂಥ ಸಂಕಟ! ಆದರೆ ತಮ್ಮ ಎದೆಯ ಭಯಕ್ಕಿಂತ ಮಗುವಿನ ಹಸಿವು ದೊಡ್ಡದೆಂದು ಝೆಲಿ ತಿಳಿದರು. ಬಡ ಗುಡಿಸಲೋ, ಸಿರಿವಂತರ ತೊಟ್ಟಿಲೋ ಎಂದು ಅವರು ನೋಡಲಿಲ್ಲ. ನಂಬಿಕೆಗೆ ಯೋಗ್ಯವಾದ ಮಡಿಲನ್ನು ನೋಡಿದರು.

ಹಳ್ಳಿಯ ಗಾಳಿಯಲ್ಲಿ ತೆರೇಸ್ ಗುಂಡಗುಂಡಗೆ ಬೆಳೆದಳು. ರೋಸ್ ಹೊಲಕ್ಕೆ ಹೋಗುವಾಗ ಮಗುವನ್ನು ತಳ್ಳುಗಾಡಿಯಲ್ಲಿ, ಹುಲ್ಲಿನ ಹೊರೆಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದಳು. ಬೆಣ್ಣೆ ಮಾರಲು ಗುರುವಾರದ ಸಂತೆಗೆ ಬಂದಾಗ ಮಗುವನ್ನೂ ಕರೆತರುತ್ತಿದ್ದಳು. ಮಗುವಾದರೋ ಹೆತ್ತವಳ ಬಳಿ ನಿಲ್ಲದೆ ಅತ್ತು, ಸಂತೆಯಲ್ಲಿದ್ದ ರೋಸಳ ಬಳಿ ಹೋದ ಮೇಲೆಯೇ ಸುಮ್ಮನಾಗುತ್ತಿತ್ತು. ಹಳ್ಳಿಯ ಉಡುಪಿನ ಹೆಂಗಸರು ಎತ್ತಿಕೊಂಡರೆ ನಗು, ಪಟ್ಟಣದ ಉಡುಪಿನವರು ಕೈಚಾಚಿದರೆ ಅಳು. ಝೆಲಿ ಇದಕ್ಕೆ ಮುನಿಸಿಕೊಳ್ಳಲಿಲ್ಲ. 1874ರ ಏಪ್ರಿಲ್ 2ರಂದು, ಒಂದು ವರ್ಷ ಮೂರು ತಿಂಗಳ ಮಗು ಶಾಶ್ವತವಾಗಿ ಮನೆಗೆ ಮರಳಿತು.

1875ರ ಪಾಸ್ಕ ಹಬ್ಬದ ಮರುದಿನ ಝೆಲಿ ಎರಡು ವರ್ಷದ ತೆರೇಸಳನ್ನು ಮೊದಲ ಬಾರಿಗೆ ರೈಲಿನಲ್ಲಿ ಲ ಮಾನ್ ಪಟ್ಟಣಕ್ಕೆ ಕರೆದೊಯ್ದರು. ಅಲ್ಲಿನ ಮಠದಲ್ಲಿ ಝೆಲಿಯವರ ಅಕ್ಕ ಕನ್ಯಾಸ್ತ್ರೀಯಾಗಿದ್ದರು. ಮಗು ಕಾರಣವಿಲ್ಲದೆ ಅಳಲಾರಂಭಿಸಿ, ದೊಡ್ಡಮ್ಮನ ಮುಂದೆ ಅತ್ತು ಕೆಂಪಾದ ಮುಖದಲ್ಲೇ ನಿಂತಿತು. ದೊಡ್ಡಮ್ಮ ಒಂದು ಬಿಳಿ ಇಲಿಯ ಬೊಂಬೆಯನ್ನೂ ಮಿಠಾಯಿ ತುಂಬಿದ ಪುಟ್ಟ ಬುಟ್ಟಿಯನ್ನೂ ಕೊಟ್ಟರು. ಬುಟ್ಟಿಯಲ್ಲಿ ಎರಡು ಸಕ್ಕರೆ ಉಂಗುರಗಳು. ಒಂದು ತನಗೆ, ಒಂದು ಅಕ್ಕ ಸೆಲಿನಳಿಗೆ ಎಂದು ಮಗು ಹಿಗ್ಗಿತು. ದಾರಿಯಲ್ಲಿ ಮಿಠಾಯಿಗಳೆಲ್ಲ ಉದುರಿಹೋದವು, ಒಂದು ಉಂಗುರವೂ ಹೋಯಿತು. ಮತ್ತೆ ಅಳು! ಈ ಪ್ರಯಾಣ ತೆರೇಸರಿಗೆ ದೊಡ್ಡವರಾದ ಮೇಲೂ ನೆನಪಿತ್ತು. ತಮ್ಮ ಆತ್ಮಕಥನದಲ್ಲಿ ಅದನ್ನು ಬರೆದಿದ್ದಾರೆ. ಸಂತರಾಗುವ ಮಕ್ಕಳೂ ರೈಲಿನಲ್ಲಿ ಅಳುತ್ತಾರೆ, ಪ್ರಿಯರೇ. ಸಂತರ ತಾಯಂದಿರೂ ಹತ್ತು ಜನರ ಮುಂದೆ ಮುಜುಗರಪಡುತ್ತಾರೆ.

ಎದೆಯ ತೊಂದರೆ ಕೊನೆಗೆ ಕ್ಯಾನ್ಸರ್ ಎಂದು ತಿಳಿಯಿತು. 1877ರ ಜೂನ್‌ನಲ್ಲಿ ಝೆಲಿ ಮೂವರು ಹಿರಿಯ ಹೆಣ್ಣುಮಕ್ಕಳೊಡನೆ ಲೂರ್ದಿಗೆ ತೀರ್ಥಯಾತ್ರೆ ಕೈಗೊಂಡರು. ಪ್ರಯಾಣವಿಡೀ ನೋವು. ಗುಣವಾಗಲಿಲ್ಲ. ಆದರೂ ನಿರಾಶರಾಗದೆ ಮರಳಿದರು. ಅದೇ ಆಗಸ್ಟ್ 28ರಂದು, 45ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಉಳಿದ ಐವರು ಹೆಣ್ಣುಮಕ್ಕಳೂ ಮುಂದೆ ಕನ್ಯಾಸ್ತ್ರೀಯರಾದರು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಲೂಯಿ ಮತ್ತು ಝೆಲಿಯವರನ್ನು ಒಟ್ಟಿಗೆ ಸಂತ ಪದವಿಗೇರಿಸಿದರು. ಗಂಡಹೆಂಡತಿ ಜೊತೆಯಾಗಿ ಈ ಗೌರವ ಪಡೆದದ್ದು ಅದೇ ಮೊದಲು.

ಕೂಸನ್ನು ಕಟ್ಟಿಕೊಂಡು ಊರಿಗೆ ಹೊರಡುವ ತಂದೆತಾಯಂದಿರಿಗೆ ಈ ಜೀವನದಲ್ಲಿ ಪಾಠವಿದೆ. ಮೊದಲು ನೋಡಬೇಕಾದದ್ದು ನಮ್ಮ ಅವಸರವನ್ನಲ್ಲ, ಮಗುವಿನ ಹಸಿವು ನಿದ್ದೆಗಳನ್ನು. ಹೊಸ ಬಟ್ಟೆ, ಆಟಿಕೆಗಳಿಗಿಂತ ಪರಿಚಿತ ಮಡಿಲು ಮಗುವಿಗೆ ಹಿತ. ಅದು ಅತ್ತರೆ ಅವಮಾನವೆಂದು ಗದರಬೇಡಿ. ನಮಗೆ ಉಳಿದವರಿಗೂ ಕರ್ತವ್ಯವುಂಟು. ಬಸ್ಸಿನಲ್ಲಾಗಲಿ ಬಲಿಪೂಜೆಯಲ್ಲಾಗಲಿ ಕೂಸು ಅತ್ತಾಗ ತಿರುಗಿ ಗುರಾಯಿಸುವುದರ ಬದಲು, ಎದ್ದು ಜಾಗ ಬಿಟ್ಟುಕೊಡೋಣ, ಚೀಲ ಹಿಡಿದುಕೊಳ್ಳೋಣ. ಈಜಿಪ್ಟಿಗೆ ಹೋಗುವ ದಾರಿಯಲ್ಲಿ ನಮ್ಮ ಪ್ರಭುವೂ ಮತ್ತೊಬ್ಬರು ಎತ್ತಿಕೊಂಡು ಹೋಗಬೇಕಾದ ಕೂಸಾಗಿದ್ದರು. ರೋಸ್ ತಾಯೆಯನ್ನು ಯಾರೂ ಸಂತಳೆಂದು ಘೋಷಿಸಿಲ್ಲ. ಆದರೆ ಅವಳು ಅಂದು ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ, ಧರ್ಮಸಭೆಗೆ ಇಂದು ಪುಟ್ಟ ಪುಷ್ಪ ಇರುತ್ತಿರಲಿಲ್ಲ.