ಮರಳಿ ಲಾಂಬರೇನೆಗೆ

ಮಹಾಪುರುಷರ ಚರಿತ್ರೆಯನ್ನು ಹೇಳುವವರು ಅವರು ಮನೆ ಬಿಟ್ಟು ಹೊರಟ ಗಳಿಗೆಯನ್ನು ವಿಸ್ತಾರವಾಗಿ ವರ್ಣಿಸುವುದುಂಟು. ಸಿದ್ಧಾರ್ಥನು ಮಲಗಿದ ಮಡದಿಯನ್ನೂ ಹಸುಗೂಸನ್ನೂ ಬಿಟ್ಟು ನಡುರಾತ್ರಿಯಲ್ಲಿ ಅರಮನೆಯ ಹೊಸ್ತಿಲು ದಾಟಿದ ಪ್ರಸಂಗಕ್ಕೆ ಮನ ಕರಗದವರಿಲ್ಲ. ಹೊರಡುವುದರಲ್ಲಿ ಒಂದು ಆವೇಶವಿದೆ, ಒಂದು ಶೋಭೆಯೂ ಇದೆ. ಆದರೆ ಹೋದೆಡೆಯಲ್ಲಿ ಕೈಗೊಂಡ ಕಾರ್ಯ ಮುರಿದುಬಿದ್ದು, ದೇಹ ಬಳಲಿ, ಸಾಲ ತಲೆಯ ಮೇಲೇರಿ, ಸ್ವದೇಶದಲ್ಲಿಯೇ ಗೌರವದ ಬಾಳು ಕೈಗೆಟಕುವಂತಿರುವಾಗ, ಆ ಕಷ್ಟವನ್ನು ಒಮ್ಮೆ ಉಂಡವನು ತಿಳಿದೂ ತಿಳಿದೂ ಅಲ್ಲಿಗೇ ಮರಳುವುದಕ್ಕೆ ಬೇರೊಂದು ಬಗೆಯ ಧೈರ್ಯ ಬೇಕು. ಆಫ್ರಿಕದ ಕಾಡಿನ ನಡುವೆ ಆಸ್ಪತ್ರೆ ಕಟ್ಟಿದ ಆಲ್ಬರ್ಟ್ ಶ್ವೈಟ್ಸರರನ್ನು ನೆನೆಯುವಾಗ ನಾವು ಸಾಮಾನ್ಯವಾಗಿ ಅವರ 1913ರ ಪ್ರಥಮ ಪ್ರಯಾಣವನ್ನು ಕೊಂಡಾಡುತ್ತೇವೆ. ಅವರ ಬಾಳಿನ ನಿಜವಾದ ಪರೀಕ್ಷೆ ನಡೆದದ್ದು 1924ರ ಎರಡನೆಯ ಪ್ರಯಾಣದಲ್ಲಿ ಎಂದು ನನಗೆ ತೋರುತ್ತದೆ.

ಶ್ವೈಟ್ಸರರು ಹುಟ್ಟಿದ್ದು 1875ನೆಯ ಇಸವಿ ಜನವರಿ 14ರಂದು, ಆಲ್ಸೇಸ್ ಪ್ರಾಂತದ ಕೈಸರ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ಫ್ರಾನ್ಸ್ ಮತ್ತು ಜರ್ಮನಿಗಳ ಕೈಯಿಂದ ಕೈಗೆ ಬದಲಾಗುತ್ತಿದ್ದ ಆ ಪ್ರಾಂತ ಆಗ ಜರ್ಮನಿಯ ವಶದಲ್ಲಿತ್ತು. ತಂದೆ ಕ್ರೈಸ್ತ ಪಾದ್ರಿ. ಕೂಸು ಹುಟ್ಟಿದ ಕೆಲವು ತಿಂಗಳಿಗೇ ಸಂಸಾರ ಗ್ಯುನ್ಸ್‌ಬಾಖ್ ಎಂಬ ಹಳ್ಳಿಗೆ ಬಂದು ನೆಲೆಸಿತು. ಅಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಬಾಲಕ ಆಲ್ಬರ್ಟ್ ತನಗಿಂತ ಬಲಶಾಲಿಯೆನಿಸಿಕೊಂಡಿದ್ದ ಹುಡುಗನೊಬ್ಬನನ್ನು ಕುಸ್ತಿಯಲ್ಲಿ ಕೆಡವಿದ. ಕೆಳಗೆ ಬಿದ್ದ ಹುಡುಗ, ತನಗೂ ವಾರಕ್ಕೆರಡು ಬಾರಿ ಮಾಂಸದ ಸಾರು ದೊರೆತಿದ್ದರೆ ತಾನೂ ಗೆಲ್ಲುತ್ತಿದ್ದೆನೆಂದು ಹೇಳಿದ. ಅಂದಿನಿಂದ ಪಾದ್ರಿಯ ಮಗನಿಗೆ ಆ ಸಾರು ರುಚಿಸಲಿಲ್ಲ. ಹಳ್ಳಿಯ ಮಕ್ಕಳಿಗೆ ಇಲ್ಲದ ಮೇಲಂಗಿಯನ್ನು ತೊಡಲು ನಿರಾಕರಿಸಿ ತಂದೆಯಿಂದ ಪೆಟ್ಟನ್ನೂ ತಿಂದ. ಸಮೀಪದ ಕೋಲ್ಮಾರ್ ಪಟ್ಟಣದ ಸ್ಮಾರಕವೊಂದರಲ್ಲಿ ಶಿಲ್ಪಿ ಬಾರ್ತೋಲ್ದಿ ಕಡೆದ ನೀಗ್ರೋ ಪುರುಷನ ಪ್ರತಿಮೆಯೊಂದಿತ್ತು. ಅದರ ಮುಖದ ವಿಷಾದವನ್ನು ನೋಡುತ್ತ ಬಾಲಕ ನಿಂತುಬಿಡುತ್ತಿದ್ದ.

ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅವರು ತತ್ತ್ವಶಾಸ್ತ್ರವನ್ನೂ ದೇವತಾಶಾಸ್ತ್ರವನ್ನೂ ಓದಿದರು. ಪ್ಯಾರಿಸಿನಲ್ಲಿ ವಿಡೋರ್ ಎಂಬ ಪ್ರಸಿದ್ಧ ಗುರುವಿನಲ್ಲಿ ಆರ್ಗನ್ ವಾದ್ಯವನ್ನು ಅಭ್ಯಾಸ ಮಾಡಿದರು. ಕಾಂಟನ ಧರ್ಮವಿಚಾರವನ್ನು ಕುರಿತ ಪ್ರಬಂಧಕ್ಕೆ 1899ರಲ್ಲಿ ಡಾಕ್ಟರೇಟ್ ಬಂದಿತು. ಸಂಗೀತಗಾರ ಬಾಖ್‌ನನ್ನು ಕುರಿತು 1905ರಲ್ಲಿಯೂ, ಯೇಸುವಿನ ಚಾರಿತ್ರಿಕ ಜೀವನದ ಶೋಧವನ್ನು ಕುರಿತು 1906ರಲ್ಲಿಯೂ ಅವರು ಪ್ರಕಟಿಸಿದ ಗ್ರಂಥಗಳು ವಿದ್ವತ್ಪ್ರಪಂಚದಲ್ಲಿ ಅವರ ಹೆಸರನ್ನು ನಿಲ್ಲಿಸಿದವು. ಆದರೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ಅವರು ಮನಸ್ಸಿನೊಳಗೆ ಒಂದು ನಿಶ್ಚಯ ಮಾಡಿಕೊಂಡಿದ್ದರು: ಮೂವತ್ತು ವರ್ಷ ತುಂಬುವವರೆಗೆ ವಿದ್ಯೆಗೂ ಕಲೆಗೂ ಬದುಕುವುದು, ಅನಂತರ ಮನುಷ್ಯರ ನೇರವಾದ ಸೇವೆಗೆ ತಮ್ಮನ್ನು ತೆತ್ತುಕೊಳ್ಳುವುದು. 1904ರ ಒಂದು ಸಂಜೆ ಪ್ಯಾರಿಸ್ ಮಿಷನ್ ಸಂಘದ ಪತ್ರಿಕೆ ಮೇಜಿನ ಮೇಲೆ ಕಣ್ಣಿಗೆ ಬಿತ್ತು. ಫ್ರೆಂಚ್ ಆಡಳಿತದಲ್ಲಿದ್ದ ಗಾಬೋನ್ ಪ್ರದೇಶದಲ್ಲಿ ಕೆಲಸಕ್ಕೆ ಜನರಿಲ್ಲವೆಂಬ ಲೇಖನ ಅದರಲ್ಲಿತ್ತು. ಅವರ ಹುಡುಕಾಟ ಅಲ್ಲಿಗೆ ಮುಗಿಯಿತು.

ಮರುವರ್ಷ, ತಾವು ಉಪನ್ಯಾಸಕರಾಗಿದ್ದ ವಿಶ್ವವಿದ್ಯಾಲಯದಲ್ಲಿಯೇ ಅವರು ವೈದ್ಯಕೀಯದ ವಿದ್ಯಾರ್ಥಿಯಾಗಿ ಕುಳಿತರು. ಬಂಧುಮಿತ್ರರು ಹುಚ್ಚೆಂದು ಜರೆದರು. ಪರೀಕ್ಷೆಯ ಶುಲ್ಕವನ್ನು ಮ್ಯೂನಿಕ್ ನಗರದ ಸಂಗೀತೋತ್ಸವದಲ್ಲಿ ಆರ್ಗನ್ ನುಡಿಸಿ ಸಂಪಾದಿಸಬೇಕಾಯಿತು. ಅವರ ಧಾರ್ಮಿಕ ವಿಚಾರಗಳನ್ನು ಶಂಕಿಸಿದ ಮಿಷನ್ ಸಂಘದವರು, ವೈದ್ಯನಾಗಿ ಇರಬಹುದು, ಬೋಧನೆ ಮಾತ್ರ ಮಾಡಕೂಡದೆಂಬ ಕರಾರಿನ ಮೇಲೆ ಒಪ್ಪಿದರು. 1912ರಲ್ಲಿ ಅವರು ಇತಿಹಾಸಪ್ರಾಧ್ಯಾಪಕರೊಬ್ಬರ ಮಗಳಾದ ಹೆಲೆನ್ ಬ್ರೆಸ್ಲೌರನ್ನು ವಿವಾಹವಾದರು. ಈ ಕಾರ್ಯಕ್ಕೆಂದೇ ಆಕೆ ದಾದಿಯ ಶಿಕ್ಷಣ ಪಡೆದಿದ್ದರು.

1913ರ ಏಪ್ರಿಲ್ 16ರಂದು ದಂಪತಿಗಳು ಒಗೋವೆ ನದಿಯ ಮೇಲೆ ಲಾಂಬರೇನೆಯನ್ನು ತಲುಪಿದರು. ಸಮಭಾಜಕ ವೃತ್ತಕ್ಕೆ ಸಮೀಪದ ಸ್ಥಳ. ಸುತ್ತ ಕಾಡು, ನೀರು, ಬೇಗೆ. ಕಟ್ಟಡ ಸಿದ್ಧವಿರಲಿಲ್ಲ. ಮಿಷನ್ನಿನವರ ಹಳೆಯ ಕೋಳಿಗೂಡೊಂದಕ್ಕೆ ಸುಣ್ಣ ಬಳಿದು ಅಲ್ಲಿಯೇ ಚಿಕಿತ್ಸೆಯನ್ನು ಆರಂಭಿಸಿದರು. ಮಲೇರಿಯ, ನಿದ್ರಾರೋಗ, ಕುಷ್ಠ, ಆಮಶಂಕೆ, ಅಂಡವಾಯು ಮೊದಲಾದ ರೋಗಗಳ ಜನ ದೋಣಿಗಳಲ್ಲಿ ಬಂದಿಳಿದರು. ಮೊದಲ ಒಂಬತ್ತು ತಿಂಗಳಲ್ಲಿ ಸುಮಾರು 2,000 ರೋಗಿಗಳನ್ನು ನೋಡಿದ್ದಾಯಿತು. ಜೋಸೆಫ್ ಎಂಬ ಸ್ಥಳೀಯನೊಬ್ಬ ದುಭಾಷಿಯೂ ಸಹಾಯಕನೂ ಆಗಿ ದೊರೆತ. ಮೊದಲು ಅಡಿಗೆಯವನಾಗಿದ್ದ ಈತ ರೋಗಿಗಳ ಅಂಗಾಂಗಗಳಿಗೆ ಮಾಂಸದ ಅಂಗಡಿಯ ಹೆಸರುಗಳನ್ನೇ ಹೇಳುತ್ತಿದ್ದ. ರೋಗಿಯೊಡನೆ ನೆಂಟರೂ ಬಂದು ಹೊರಗೆ ಒಲೆ ಹೂಡಿ ಅಡಿಗೆ ಮಾಡುವ ಪದ್ಧತಿಗೆ ಅವರು ಅಡ್ಡಿಮಾಡಲಿಲ್ಲ. ನಮ್ಮ ಊರುಗಳ ಸರ್ಕಾರಿ ಆಸ್ಪತ್ರೆಯ ಆವರಣವನ್ನು ನೋಡಿದವರಿಗೆ ಆ ದೃಶ್ಯ ಹೊಸದಲ್ಲ.

ಮರುವರ್ಷವೇ ಮಹಾಯುದ್ಧ ಹೊತ್ತಿಕೊಂಡಿತು. ಫ್ರೆಂಚ್ ನೆಲದಲ್ಲಿದ್ದ ಜರ್ಮನ್ ಪ್ರಜೆಗಳೆಂದು ದಂಪತಿಗಳನ್ನು ಅವರ ಮನೆಯಲ್ಲಿಯೇ ಕೆಲವು ತಿಂಗಳು ಬಂಧನದಲ್ಲಿಟ್ಟರು. 1915ರ ಸೆಪ್ಟೆಂಬರಿನಲ್ಲಿ ರೋಗಿಯೊಬ್ಬರನ್ನು ನೋಡಲು ನದಿಯ ಮೇಲೆ ಹೋಗುತ್ತಿದ್ದಾಗ, ಸೂರ್ಯಾಸ್ತದ ಹೊತ್ತಿಗೆ ನೀರಾನೆಗಳ ಹಿಂಡೊಂದರ ನಡುವೆ ದೋಣಿ ಸಾಗುತ್ತಿರಲು, ಬಹುಕಾಲದಿಂದ ಅರಸುತ್ತಿದ್ದ ನೀತಿತತ್ತ್ವ ಅವರಿಗೆ ಹೊಳೆಯಿತು. ಜೀವಗೌರವವೆಂಬುದೇ ಆ ತತ್ತ್ವ. ಬದುಕಬೇಕೆಂಬ ನನ್ನ ಇಚ್ಛೆಯ ಸುತ್ತ ಬದುಕಬೇಕೆಂಬ ಇಚ್ಛೆಯುಳ್ಳ ಅಸಂಖ್ಯ ಜೀವಗಳಿವೆಯೆಂಬ ಅರಿವಿನಿಂದ ನೀತಿಯೆಲ್ಲವೂ ಹುಟ್ಟುತ್ತದೆಂಬುದು ಅದರ ಸಾರ. ಎರಡು ವರ್ಷದ ಅನಂತರ, 1917ರಲ್ಲಿ, ಅವರನ್ನು ಕೈದಿಗಳಾಗಿ ಯೂರೋಪಿಗೆ ಸಾಗಿಸಲಾಯಿತು. ಬೋರ್ಡೋ, ಪಿರೆನೀಸ್ ಬೆಟ್ಟಗಳ ಗಾರೇಸೋನ್, ಸಾನ್ ರೆಮಿ ಎಂಬೆಡೆಗಳ ಶಿಬಿರಗಳಲ್ಲಿ ಕಳೆದು, 1918ರ ಜುಲೈನಲ್ಲಿ ಕೈದಿಗಳ ವಿನಿಮಯದಲ್ಲಿ ಬಿಡುಗಡೆ ಹೊಂದಿದರು.

ಊರಿಗೆ ಬಂದದ್ದು ಹರಿದ ಬಾಳು. ಆಮಶಂಕೆಯ ಫಲವಾಗಿ ಅವರಿಗೆ ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಹೆಲೆನ್‌ರ ಆರೋಗ್ಯ ಕ್ಷಯದಿಂದ ಕುಗ್ಗಿತ್ತು. ಆಸ್ಪತ್ರೆಯನ್ನು ನಡೆಸಲು ಮಿಷನ್ ಸಂಘದಿಂದಲೂ ಮಿತ್ರರಿಂದಲೂ ಪಡೆದ ಸಾಲ ಹಾಗೆಯೇ ಉಳಿದಿತ್ತು. 1919ರ ಜನವರಿ 14ರಂದು, ತಂದೆಯ ಹುಟ್ಟುಹಬ್ಬದಂದೇ, ಮಗಳು ರೇನಾ ಹುಟ್ಟಿದಳು. ಸ್ಟ್ರಾಸ್‌ಬರ್ಗಿನ ನಗರಾಸ್ಪತ್ರೆಯಲ್ಲಿ ಸಹಾಯಕ ವೈದ್ಯರಾಗಿ, ಚರ್ಚೊಂದರಲ್ಲಿ ಉಪದೇಶಕರಾಗಿ ಅವರು ಸಂಸಾರವನ್ನು ನಡೆಸಿದರು. ಆಫ್ರಿಕದ ಪ್ರಕರಣ ಮುಗಿಯಿತೆಂದು ನೋಡಿದವರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆಗ ಸ್ವೀಡನ್ನಿನ ಆರ್ಚ್‌ಬಿಷಪ್ ಸೋಡರ್‌ಬ್ಲೂಮರು ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಮಾಡಲು ಕರೆಕಳುಹಿಸಿದರು. 1920ರಲ್ಲಿ ಅಲ್ಲಿಗೆ ಹೋದ ಶ್ವೈಟ್ಸರರು ಸಾಲದ ಸಂಗತಿಯನ್ನು ಅವರಲ್ಲಿ ತೋಡಿಕೊಂಡರು. ಆರ್ಚ್‌ಬಿಷಪ್ಪರ ಸಲಹೆಯಂತೆ ಊರೂರಿಗೆ ಹೋಗಿ ಆಫ್ರಿಕದ ಅನುಭವಗಳನ್ನು ಹೇಳಿದರು, ಚರ್ಚುಗಳಲ್ಲಿ ಆರ್ಗನ್ ನುಡಿಸಿದರು. ಕೆಲವೇ ವಾರಗಳಲ್ಲಿ ಸಾಲದ ಬಹುಭಾಗ ತೀರಿತು. ತೀರುತ್ತಿದ್ದಂತೆ ಮನಸ್ಸು ಮತ್ತೆ ಒಗೋವೆಯ ಕಡೆಗೆ ತಿರುಗಿತು. ಮುಂದಿನ ವರ್ಷಗಳಲ್ಲಿ ಅವರು ಪುಸ್ತಕ ಬರೆದರು, ಸಂಚಾರ ಮಾಡಿದರು, ಹಣ ಕೂಡಿಹಾಕಿದರು. ನಲವತ್ತೆಂಟನ್ನು ದಾಟಿದ ಮೇಲೂ ಪ್ರಸೂತಿ ಹಾಗೂ ದಂತವೈದ್ಯದ ಪಾಠಕ್ಕೆ ಕುಳಿತರು. ಹೋದ ಸಲ ಏನು ಗೊತ್ತಿರಲಿಲ್ಲವೆಂಬುದು ಈ ಸಲ ಗೊತ್ತಿತ್ತು.

ಈ ಮರುಪ್ರಯಾಣದ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ಮೊದಲ ಸಲ ಜೊತೆಯಲ್ಲಿ ಹೋಗಿ ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ನಿಂತಿದ್ದ ಹೆಲೆನ್, ಈ ಸಲ ರೋಗದ ದೇಹದೊಡನೆ, ಐದು ವರ್ಷದ ಮಗಳೊಡನೆ ಹಿಂದೆ ಉಳಿಯಬೇಕಾಯಿತು. ಅವರಿಗಾಗಿ ಜರ್ಮನಿಯ ಕೋನಿಗ್ಸ್‌ಫೆಲ್ಡ್ ಎಂಬಲ್ಲಿ ಒಂದು ಮನೆ ಕಟ್ಟಿಸಲಾಗಿತ್ತು. ಆಕೆಯ ಸಮ್ಮತಿಗೆ ತಾವು ಎಂದೆಂದೂ ಋಣಿಯೆಂದು ಶ್ವೈಟ್ಸರರು ಬರೆದಿದ್ದಾರೆ. ಆ ಸಮ್ಮತಿಯ ಹಿಂದಿನ ದುಃಖವೆಷ್ಟೆಂದು ಚರಿತ್ರೆ ಅಷ್ಟಾಗಿ ಕೇಳಿಲ್ಲ. ಯಶೋಧರೆಯನ್ನು ಬಲ್ಲ ನಾವಾದರೂ ಕೇಳಬೇಕು.

1924ರ ಫೆಬ್ರವರಿ 14ರಂದು ಅವರು ಸ್ಟ್ರಾಸ್‌ಬರ್ಗನ್ನು ಬಿಟ್ಟರು. ಆಕ್ಸ್‌ಫರ್ಡಿನ ತರುಣ ವಿದ್ಯಾರ್ಥಿಯೊಬ್ಬ ಸಹಾಯಕ್ಕೆ ಜೊತೆಯಾದ. ಬೋರ್ಡೋ ಬಂದರಿನ ಸುಂಕದ ಕಟ್ಟೆಯಲ್ಲಿ ಒಂದು ವಿನೋದ ನಡೆಯಿತು. ಉತ್ತರ ಬರೆಯದೆ ಉಳಿದ ಕಾಗದಗಳನ್ನು ಅವರು ಆಲೂಗಡ್ಡೆಯ ಗೋಣಿಗಳಲ್ಲಿ ತುಂಬಿಸಿಕೊಂಡಿದ್ದರು. ಅವುಗಳೊಳಗೆ ನೋಟುಗಳನ್ನು ಅಡಗಿಸಿರಬಹುದೆಂದು ಶಂಕಿಸಿದ ಅಧಿಕಾರಿ ಒಂದೊಂದನ್ನೇ ಬಿಚ್ಚಿ ನೋಡಲಾರಂಭಿಸಿ, ಬಹಳ ಹೊತ್ತಿನ ಮೇಲೆ ತಲೆಯಾಡಿಸಿ ಕೈಬಿಟ್ಟನಂತೆ.

ಏಪ್ರಿಲ್ 19, ಈಸ್ಟರ್ ಹಬ್ಬದ ಹಿಂದಿನ ದಿನ, ಅವರು ಲಾಂಬರೇನೆಯಲ್ಲಿ ಇಳಿದರು. ಆಸ್ಪತ್ರೆಯಿದ್ದ ಜಾಗದಲ್ಲಿ ಹುಲ್ಲೂ ಪೊದೆಯೂ ಆಳೆತ್ತರಕ್ಕೆ ಬೆಳೆದಿದ್ದವು. ನಡೆದಾಡುತ್ತಿದ್ದ ಹಾದಿಯ ಗುರುತು ಹತ್ತದು. ತಗಡು ಹೊದಿಸಿದ ಚಿಕ್ಕ ಕಟ್ಟಡವೂ ದೊಡ್ಡ ಕೊಟ್ಟಿಗೆಯೊಂದರ ಮರದ ಚೌಕಟ್ಟೂ ನಿಂತಿದ್ದವು. ಉಳಿದದ್ದನ್ನು ಕಾಡು ನುಂಗಿತ್ತು. ಬಿಡಾರದ ಮಾಡನ್ನು ಮುಚ್ಚಲು ತಾಳೆಗರಿಯಿಂದ ಹೆಣೆದ ತಡಿಕೆಗಳು ಬೇಕು. ಆದರೆ ತಡಿಕೆ ಹೆಣೆಯುವ ಕೈಗಳೆಲ್ಲ ಒಕುಮೆ ಮರದ ವ್ಯಾಪಾರದ ಬೆನ್ನು ಹತ್ತಿ ಮರ ಕಡಿಯುವ ತಾಣಗಳಿಗೆ ಹೋಗಿದ್ದವು. ತತ್ತ್ವಶಾಸ್ತ್ರದ ಡಾಕ್ಟರು ದೋಣಿ ಹತ್ತಿ ಹಳ್ಳಿಯಿಂದ ಹಳ್ಳಿಗೆ ಹೋಗಿ ತಡಿಕೆಗಳನ್ನು ಬೇಡಿ, ಕಾಡಿ, ಗದರಿಸಿ ತಂದರು. ಬೆಳಿಗ್ಗೆ ವೈದ್ಯ, ಮಧ್ಯಾಹ್ನ ಮೇಸ್ತ್ರಿ: ತಿಂಗಳುಗಟ್ಟಲೆ ನಡೆದ ದಿನಚರಿ ಇದು. ಅದೇ ವರ್ಷ ಮತಿಲ್ಡೆ ಕೋಟ್‌ಮಾನ್ ಎಂಬ ದಾದಿಯೂ ವಿಕ್ಟರ್ ನೆಸ್ಮಾನ್ ಎಂಬ ತರುಣ ವೈದ್ಯನೂ ಬಂದು ಸೇರಿಕೊಂಡದ್ದರಿಂದ ಉಸಿರಾಡುವಂತಾಯಿತು.

1925ರಲ್ಲಿ ಬರಗಾಲವೂ ಆಮಶಂಕೆಯ ಜಾಡ್ಯವೂ ಒಟ್ಟಿಗೆ ಬಂದೆರಗಿದವು. ಜನ ಹೊಲ ಬಿಟ್ಟು ಮರದ ಕೂಲಿಗೆ ಹೋದದ್ದೇ ಬರಕ್ಕೆ ದಾರಿಯಾಯಿತು. ದೂರದ ಒಳನಾಡಿನಿಂದ ಆ ಕೂಲಿಗೆ ಬಂದವರಲ್ಲಿ ರೋಗ ಹಬ್ಬಿತು. ರೋಗಿಗಳನ್ನು ಬೇರ್ಪಡಿಸಿ ಇಡಲು ಸ್ಥಳವಿಲ್ಲ. ನೀರನ್ನು ಕೆಡಿಸಬೇಡಿರೆಂದರೆ ಕೇಳುವವರಿಲ್ಲ. ಒಂದು ದಿನ ಸೋತು ಕುರ್ಚಿಯಲ್ಲಿ ಕುಸಿದ ಶ್ವೈಟ್ಸರರು, ಇಂಥ ಕಾಡುಜನಕ್ಕೆ ವೈದ್ಯನಾಗಲು ಬಂದ ತಾವೆಂಥ ಮೂಢರೆಂದು ಉದ್ಗರಿಸಿದರು. ಪಕ್ಕದಲ್ಲಿದ್ದ ಜೋಸೆಫ್, ಭೂಮಿಯ ಮೇಲೆ ಅವರು ಮೂಢರೇ ಹೌದು, ಸ್ವರ್ಗದಲ್ಲಿ ಮಾತ್ರ ಅಲ್ಲವೆಂದು ಸಮಾಧಾನ ಹೇಳಿದ. ಈ ಪ್ರಸಂಗವನ್ನು ತಮ್ಮ ಕಡೆಯ ಒರಟು ಮಾತನ್ನು ಮರೆಮಾಚದೆ ಅವರೇ ಬರೆದಿಟ್ಟಿದ್ದಾರೆ.

ಇದ್ದ ಜಾಗ ಸಾಲದೆಂದು ಮನಗಂಡು, ನದಿಯ ಮೇಲ್ಭಾಗದಲ್ಲಿ ಸುಮಾರು ಮೂರು ಕಿಲೋಮೀಟರು ದೂರದ ಗುಡ್ಡದ ಮೇಲೆ ಹೊಸ ಆಸ್ಪತ್ರೆ ಕಟ್ಟಲು ಅವರು ನಿರ್ಧರಿಸಿದರು. ಎರಡು ವರ್ಷಕ್ಕೆಂದು ಬಂದವರು ಮತ್ತೆ ನಿಂತರು. ರೋಗಿಗಳ ನೆಂಟರನ್ನು ಕೂಡಿಸಿಕೊಂಡು ಕಾಡು ಕಡಿಸಿದರು, ಗಟ್ಟಿಮರದ ಕಂಬಗಳನ್ನು ನೆಡಿಸಿದರು. ಕಂಬ ಇಳಿಸುವ ಮುನ್ನ ಗುಂಡಿಯೊಳಗೆ ಕಪ್ಪೆಯೋ ಹುಳವೋ ಬಿದ್ದಿದೆಯೇ ಎಂದು ನೋಡಿ ಎತ್ತಿಬಿಡುತ್ತಿದ್ದರು. ಹೊಳೆಯ ಮೇಲೆ ಹೊಳೆದ ತತ್ತ್ವಕ್ಕೆ ಗುಂಡಿಯ ಬಾಯಲ್ಲಿ ಬೆಲೆ ಬಂದಿತು. 1927ರ ಜನವರಿ 21ರಂದು ದೋಣಿಗಳಲ್ಲಿ ರೋಗಿಗಳನ್ನು ಹೊಸ ಸ್ಥಳಕ್ಕೆ ಸಾಗಿಸಿದರು. ಹಲಗೆಯ ನೆಲದ ಮೇಲೆ, ಸೋರದ ಸೂರಿನ ಕೆಳಗೆ ಅವರನ್ನು ಮಲಗಿಸಿದ ಆ ರಾತ್ರಿ, ತಮ್ಮ ರೋಗಿಗಳು ಮನುಷ್ಯರಂತೆ ಇರಲು ಒಂದು ಎಡೆಯಾಯಿತೆಂದು ಶ್ವೈಟ್ಸರರು ಹಿಗ್ಗಿದರು. ಇಂದು ಜಗತ್ತು ಲಾಂಬರೇನೆಯ ಆಸ್ಪತ್ರೆಯೆಂದು ಬಲ್ಲದ್ದು ಮರಳಿ ಬಂದವರು ಕಟ್ಟಿದ ಇದನ್ನೇ.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವಂಥದು. ಯೂರೋಪಿಗೆ ಹೋಗುವುದು, ನುಡಿಸಿ ಮಾತನಾಡಿ ಹಣ ತರುವುದು, ಮತ್ತೆ ಮರಳುವುದು. 1939ರ ಆರಂಭದಲ್ಲಿ ಬೋರ್ಡೋ ತಲುಪಿದಾಗ ಯುದ್ಧದ ಮುನ್ಸೂಚನೆ ಕಂಡು, ಕೆಲವೇ ದಿನಗಳಲ್ಲಿ ಬಂದ ಹಡಗಿನಲ್ಲಿಯೇ ಹಿಂತಿರುಗಿ, 1948ರವರೆಗೆ ಅಲ್ಲಿಂದ ಕದಲಲಿಲ್ಲ. ಯೆಹೂದಿ ವಂಶದವರಾದ ಹೆಲೆನ್ ಹಿಟ್ಲರನ ಯೂರೋಪಿನಿಂದ ತಪ್ಪಿಸಿಕೊಂಡು 1941ರಲ್ಲಿ ಆ ಕಾಡನ್ನು ಸೇರಿದರು. 1952ರ ಸಾಲಿನ ನೊಬೆಲ್ ಶಾಂತಿ ಪಾರಿತೋಷಕದ ಹಣ ಕುಷ್ಠರೋಗಿಗಳ ವಸತಿಗೆ ಸಂದಿತು. 1957ರಲ್ಲಿ ಓಸ್ಲೋ ಆಕಾಶವಾಣಿಯ ಮೂಲಕ ಅಣ್ವಸ್ತ್ರ ಪ್ರಯೋಗಗಳ ವಿರುದ್ಧ ಅವರ ದನಿ ಕೇಳಿಬಂತು. ಭಾರತೀಯ ಚಿಂತಕರನ್ನು ಕುರಿತು 1935ರಲ್ಲಿ ಅವರು ಬರೆದ ಗ್ರಂಥವೂ ನಮಗೆ ಮುಖ್ಯ. ಅಹಿಂಸೆಯನ್ನು ಮೆಚ್ಚಿಕೊಂಡೂ, ನಮ್ಮ ದರ್ಶನ ಜಗತ್ತಿಗೆ ಬೆನ್ನು ತಿರುಗಿಸುತ್ತದೆಂದು ಅವರು ವಾದಿಸಿದರು. ಒಂದು ಕಾಲಕ್ಕೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ನರು 1939ರ ತಮ್ಮ ಕೃತಿಯಲ್ಲಿ ಅದಕ್ಕೆ ಸಮರ್ಥವಾದ ಉತ್ತರ ಕೊಟ್ಟರು.

ಪೂಜೆಗೆ ಕೂಡುವ ಮುನ್ನ ಲೋಪವನ್ನೂ ಹೇಳಬೇಕು. ಬಿಳಿಯರು ಮಾಡಿದ ಅನ್ಯಾಯಕ್ಕೆ ಪ್ರಾಯಶ್ಚಿತ್ತವಾಗಿ ತಾವು ಬಂದಿರುವುದೆಂದು ಅವರು ನಂಬಿದ್ದರು. ಆದರೂ ಆಫ್ರಿಕದವನನ್ನು ಸೋದರನೆಂದು ಕರೆದರೆ ಕಿರಿಯ ಸೋದರನೆಂದೇ ಕರೆದರು. ಅರ್ಧ ಶತಮಾನ ಅಲ್ಲಿ ದುಡಿದರೂ ಜನರೊಡನೆ ಮಾತು ದುಭಾಷಿಗಳ ಮೂಲಕವೇ ನಡೆಯಿತು. 1960ರಲ್ಲಿ ಗಾಬೋನ್ ಸ್ವತಂತ್ರವಾದಾಗಲೂ ಆಸ್ಪತ್ರೆಯ ಯಜಮಾನಿಕೆ ಹಳೆಯ ರೀತಿಯಲ್ಲಿಯೇ ಇತ್ತು. ನೈಜೀರಿಯದ ಕಾದಂಬರಿಕಾರ ಚಿನುವ ಅಚೀಬೆ 1975ರ ಉಪನ್ಯಾಸವೊಂದರಲ್ಲಿ ಈ ಹಿರಿಯಣ್ಣತನವನ್ನು ಕಟುವಾಗಿ ಖಂಡಿಸಿದರು. ಆ ಖಂಡನೆ ನ್ಯಾಯವಾದದ್ದೇ. ಒಂದು ನೆಲಕ್ಕೆ ಎಷ್ಟು ಸಲ ಮರಳಿದರೂ ಅಲ್ಲಿನವರ ಸಮಕ್ಕೆ ಕೂಡುವುದು ಮತ್ತೊಂದು ಪ್ರಯಾಣ. ಅದನ್ನು ಶ್ವೈಟ್ಸರರು ಪೂರ್ತಿಯಾಗಿ ಮಾಡಲಿಲ್ಲ.

ಹೆಲೆನ್ 1957ರಲ್ಲಿ ಜ್ಯೂರಿಕ್ ನಗರದಲ್ಲಿ ತೀರಿಕೊಂಡರು. ಅವರ ಚಿತಾಭಸ್ಮ ಲಾಂಬರೇನೆಗೆ ಬಂದಿತು. 1965ರ ಸೆಪ್ಟೆಂಬರ್ 4ರಂದು ತೊಂಬತ್ತರ ವಯಸ್ಸಿನಲ್ಲಿ ಶ್ವೈಟ್ಸರರೂ ಅಲ್ಲಿಯೇ ಕಣ್ಣುಮುಚ್ಚಿ ಆಕೆಯ ಪಕ್ಕದಲ್ಲಿ ಮಣ್ಣಾದರು. 1981ರಲ್ಲಿ ಹಳೆಯ ಕಟ್ಟಡಗಳ ಸಮೀಪ ಹೊಸ ಆಸ್ಪತ್ರೆ ಎದ್ದಿತು. ಮಲೇರಿಯವನ್ನು ಕುರಿತ ಸಂಶೋಧನೆ ಅಲ್ಲಿ ಬೆಳೆಯಿತು. ರೋಗಿಗಳು ಇಂದಿಗೂ ಒಗೋವೆಯ ದಡದ ಆ ಗುಡ್ಡಕ್ಕೆ ಬರುತ್ತಾರೆ. ಸೇವೆಯ ಆಸೆಯಿಂದ ಹಳ್ಳಿಗೆ ಹೊರಡುವ ತರುಣರು ನಮ್ಮಲ್ಲಿಯೂ ಇದ್ದಾರೆ. ಮೊದಲ ಮಳೆಗೆ ಮಾಡು ಸೋರಿ, ಮೊದಲ ಜ್ವರಕ್ಕೆ ಮೈ ಸೋತು ಅವರು ಊರಿಗೆ ಹಿಂದಿರುಗಿದರೆ ನಗಬೇಕಾಗಿಲ್ಲ. ಶ್ವೈಟ್ಸರರೂ ಒಮ್ಮೆ ಬರಿಗೈಯಲ್ಲಿ ಹಿಂದಿರುಗಿದವರೇ. ಏಳು ವರ್ಷದ ಮೇಲೆ ಅವರು ಮತ್ತೆ ಹೋದರು, ಪೊದೆಯನ್ನು ಸರಿಸಿ ಹಳೆಯ ಹಾದಿಯನ್ನು ಹುಡುಕಿದರು.